ಮಗ್ಗದ ಗುಂಡಿ

೧೯೭೧ನೇ ಇಸವಿ ಫೆಬ್ರವರಿ ಒಂಬತ್ತು, ಮಂಗಳವಾರ. ಬೆಳಗ್ಗೆ ಹತ್ತೂಕಾಲಿಗೆ ವೆಂಕಟರಮಣಪ್ಪನವರು ಕಾಗದದ ಕಟ್ಟೊಂದನ್ನು ಎದೆಗವಚಿಕೊಂಡು ದೊಡ್ಡಬಳ್ಳಾಪುರದ ಠಾಣೆಗೆ ಬಂದರು.

"ಮನೆ ಪತ್ರ ಕಳುವಾಗಿದೆ ಸ್ವಾಮಿ. ದಾರ ಹಂಗೇ ಇದೆ, ನಾನು ಹಾಕಿದ್ದ ಗಂಟೂ ಹಂಗೇ ಇದೆ. ಮೂಲೆ ಎತ್ತಿ ನೋಡಿದ್ರೆ ಒಳಗೆ ಬರೀ ಹಳೇ ಪೇಪರ್ರು!"

ಹೆಡ್ ಕಾನ್ಸ್‌ಟೇಬಲ್ ಬೈರಣ್ಣ ಕೂತಲ್ಲಿಂದ ಎದ್ದು ಮೇಜಿನ ಬಳಿ ಬಂದ. ಗುರುವಾರ ಆ ಮನೆಯನ್ನು ತನ್ನ ಹೆಸರಿಗೆ ನೋಂದಣಿ ಮಾಡಿಸಿಕೊಳ್ಳಬೇಕಿದ್ದವನು ಅವನೇ. ಇಪ್ಪತ್ತೆಂಟು ವರ್ಷ ಕ್ವಾರ್ಟರ್ಸಿನ ಸೋರುವ ಹೆಂಚಿನ ಕೆಳಗೆ ಪಾತ್ರೆ ಇಟ್ಟುಕೊಂಡು ಮಲಗಿದವನು. ನಿವೃತ್ತಿಗೆ ಇನ್ನೆರಡೇ ವರ್ಷ. ಸ್ವಂತ ಸೂರಿನ ಆಸೆ ಯಾರಿಗಿರುವುದಿಲ್ಲ ಹೇಳಿ!

ಸಬ್‌ಇನ್‌ಸ್ಪೆಕ್ಟರ್ ನರಸಿಂಹಯ್ಯ ಐಪಿಸಿ ೩೮೦ರ ಕೆಳಗೆ ಎಫ್‌ಐಆರ್ ದಾಖಲಿಸಿದರು. "ಬೈರಣ್ಣ, ಇದು ನೀವು ತಗೊಳ್ಳೋ ಮನೆ. ನೀವೇನೂ ಬರೀಬೇಡಿ," ಎಂದು ವೆಂಕಟರಮಣಪ್ಪನವರ ಕಡೆ ತಿರುಗಿದರು.

"ಪತ್ರ ಇಟ್ಟಿದ್ದ ಪೆಟ್ಟಿಗೆಗೆ ಬೀಗ?"

"ಇರ್ಲಿಲ್ಲ ಸ್ವಾಮಿ."

"ಮನೇಲಿ ಯಾರ‍್ಯಾರಿದ್ದೀರಿ?"

"ನಾನೊಬ್ನೇ. ಹಿಂದ್ಗಡೆ ಲಕ್ಷ್ಮೀದೇವಮ್ಮ ಬಾಡಿಗೆಗಿದ್ದಾರೆ. ಗಂಡ ಹೋದ್ಮೇಲೆ ಆತನ ಮಗ್ಗದಲ್ಲೇ ನೇಯ್ತಾರೆ. ಅವರ ಮೇಲೆ ಅನುಮಾನ ಬ್ಯಾಡಿ. ನಂಗೆ ಜ್ವರ ಬಂದ್ರೆ ಗಂಜಿ ಕಾಯಿಸಿ ಕೊಡೋ ತಾಯಿ."

ಬೈರಣ್ಣ ಮೇಜಿನ ಮೇಲಿದ್ದ ಕಟ್ಟನ್ನು ಮಗುಚಿದ. ಅಡಿಯ ದಾರದಲ್ಲಿ ಹುರುಳಿಕಾಳಿನಷ್ಟು ಏನೋ ಹೆಬ್ಬೆರಳಿಗೆ ಸಿಕ್ಕಿತು. ದಾರವನ್ನು ಅಲ್ಲಿ ಕತ್ತರಿಸಿ, ಮತ್ತೆ ಕೂಡಿಸಿ, ತುದಿಗಳನ್ನು ಒಪ್ಪವಾಗಿ ಸವರಿದ್ದರು. ಮಗ್ಗದಲ್ಲಿ ಎಳೆ ಹರಿದಾಗ ಹಾಕುವ ಗಂಟು ಅದು. ಕೂಲಿಗೆ ನೇಯುತ್ತಿದ್ದ ಅವನ ತಾಯಿ ದಿನಕ್ಕೆ ನೂರು ಸಲ ಅದನ್ನೇ ಹಾಕುತ್ತಿದ್ದಳು. ಕದಿಯುವಾಗಲೂ ಕೈ ತನ್ನ ಅಭ್ಯಾಸ ಬಿಟ್ಟಿರಲಿಲ್ಲ.

ಅವನು ಗಂಟಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದ. ಹೇಳಿದರೆ ಆ ಹೆಂಗಸು ಒಳಗೆ, ಹೇಳದಿದ್ದರೆ ಮನೆ ಕೈಬಿಟ್ಟಂತೆ.

"ಏನ್ರೀ ಅದು?" ಎಂದರು ನರಸಿಂಹಯ್ಯ.

"ನೇಯೋರು ಹಾಕೋ ಗಂಟು ಸಾರ್," ಎಂದ ಬೈರಣ್ಣ.

ಹನ್ನೊಂದೂವರೆಗೆ ನರಸಿಂಹಯ್ಯ ಅಕ್ಕಪಕ್ಕದ ಮನೆಯ ಪಾಪಯ್ಯ, ಪಾಪಮ್ಮ ಇಬ್ಬರನ್ನೂ ಪಂಚರಾಗಿ ಕರೆದುಕೊಂಡು ಹಿಂದಿನ ಕೋಣೆಗೆ ಹೋದರು. ಲಕ್ಷ್ಮೀದೇವಮ್ಮ ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ಮಗ್ಗದ ಮುಂದೆ ಕೂತಿದ್ದಳು. ಖಾಕಿ ಕಂಡದ್ದೇ ಲಾಳಿ ನಿಂತಿತು.

"ಹುಡುಕಬೇಡಿ ಸ್ವಾಮಿ," ಎಂದವಳೇ ಬಗ್ಗಿ, ತುಳಿಯುವ ಹಲಗೆಗಳ ಹಿಂದಿನ ಗೂಡಿನಿಂದ ಬಟ್ಟೆ ಸುತ್ತಿದ ಪತ್ರಗಳನ್ನು ತೆಗೆದುಕೊಟ್ಟಳು. "ಒಲೆಗೆ ಹಾಕೋಣ ಅಂತಿದ್ದೆ. ಆ ಯಜಮಾನರ ಉಪ್ಪು ತಿಂದಿದೀನಿ, ಕೈ ಬರಲಿಲ್ಲ."

ಹನ್ನೆರಡೂ ಹತ್ತಕ್ಕೆ ಪಂಚನಾಮೆ ಮುಗಿಯಿತು. ಗುಂಡಿಯ ಆಳ ಎರಡೂವರೆ ಅಡಿ ಎಂದು ನಮೂದಾಯಿತು. ಪಾಪಮ್ಮನನ್ನು ಜೊತೆಗಿಟ್ಟುಕೊಂಡು ಲಕ್ಷ್ಮೀದೇವಮ್ಮನನ್ನು ದಸ್ತಗಿರಿ ಮಾಡಿದರು. ವೆಂಕಟರಮಣಪ್ಪನವರು ಜಗಲಿಯ ಮೇಲೆ ತಲೆ ಮೇಲೆ ಕೈಹೊತ್ತು ಕೂತುಬಿಟ್ಟರು.

ಠಾಣೆಯಲ್ಲಿ ನರಸಿಂಹಯ್ಯ ಹೇಳಿಕೆ ಬರೆದುಕೊಂಡರು.

"ಯಾಕಮ್ಮ ತೆಗೆದೆ?"

"ಗುರುವಾರ ಪತ್ರ ಇಲ್ದಿದ್ರೆ ಮಾರಾಟ ನಿಲ್ತದೆ ಅಂದ್ಕೊಂಡೆ. ನೆಲ ಅಗೀತೀನಿ ಅಂದ್ರೆ ಯಾರು ಸ್ವಾಮಿ ಬಾಡಿಗೆಗೆ ಮನೆ ಕೊಡ್ತಾರೆ? ಗುಂಡಿ ಇಲ್ದೆ ಮಗ್ಗ ಇಲ್ಲ. ಮಗ್ಗ ಇಲ್ದೆ ನಾನೇನು ತಿನ್ಲಿ?"

"ಮನೆ ಕೊಳ್ಳೋರು ನಿನ್ನನ್ನ ಖಾಲಿ ಮಾಡಿಸ್ತಾರೆ ಅಂತ ಯಾರು ಹೇಳಿದ್ದು?"

"ಹೋದ ಭಾನುವಾರ ಮನೆ ನೋಡೋಕೆ ಬಂದಿದ್ರು. 'ಈ ಗುಂಡಿಗೆ ಎರಡು ಗಾಡಿ ಮಣ್ಣು ಸಾಕು, ಮುಚ್ಚಿಸ್ಬಿಟ್ರೆ ಮಂಚ ಹಾಕ್ಬೋದು' ಅಂದ್ರು. ನಾನು ಅದರೊಳಗೇ ಕೂತಿದ್ದೆ."

"ಅಂದೋರು ಯಾರು?"

ಅವಳು ಬೈರಣ್ಣನ ಕಡೆ ನೋಡಲಿಲ್ಲ. "ಮುಖ ಕಾಣಲಿಲ್ಲ ಸ್ವಾಮಿ. ಕೆಳಗಿದ್ದೋಳಿಗೆ ಬೂಟು ಮಾತ್ರ ಕಾಣ್ತು."

ನರಸಿಂಹಯ್ಯನವರ ಲೇಖನಿ ನಿಂತಿತು. ಮನೆ ಕೊಳ್ಳುತ್ತಿರುವವನು ಯಾರೆಂಬುದು ಅವರಿಗೂ ಗೊತ್ತಿತ್ತು. ಬೈರಣ್ಣ ಬೆಂಚಿನ ಕೆಳಗೆ ಕಾಲು ಹಿಂದಕ್ಕೆಳೆದುಕೊಂಡ. ಅದು ಅಂದು ಅವನೇ ಗುಂಡಿಯ ಅಂಚನ್ನು ಲಾಠಿಯಿಂದ ತಟ್ಟಿ ತಟ್ಟಿ ಹೇಳಿದ್ದ ಮಾತು. ಕೆಳಗೊಬ್ಬಳು ಕೂತಿದ್ದಾಳೆ ಎಂಬುದು ಅವನಿಗೆ ಕಂಡಿತ್ತು, ಲೆಕ್ಕಕ್ಕೆ ಬಂದಿರಲಿಲ್ಲ. ತನ್ನ ತಾಯಿಯೂ ಅಂಥದೇ ಗುಂಡಿಯಲ್ಲಿ ಕೂತು ತನ್ನನ್ನು ಸಾಕಿದ್ದು ನೆನಪಾಗಿ ಅವನಿಗೆ ನಾಚಿಕೆಯಾಯಿತು.

ಅವನು ಎದ್ದು ನಿಂತ.

"ಬರ್ಕೊಳಿ ಸಾರ್. ಅಂದೋನು ಹೆಡ್ ಕಾನ್ಸ್‌ಟೇಬಲ್ ಬೈರಣ್ಣ."