ಹಳೇ ಬ್ಲಾಗು, ಹೊಸಬನ ಪ್ರಶ್ನೆಗಳು

"ಇದನ್ನ ಇನ್ನೂ ಯಾರಾದ್ರೂ ಓದ್ತಾರಾ?"

ಬಂದವನು ಕೇಳಿದ ಮೊದಲ ಮಾತೇ ಇದು! ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಕನ್ನಡಕದ ಅಂಗಡಿಯ ಮೇಲಿನ ಪುಟ್ಟ ಕೋಣೆ ಅದು. ಕೆಳಗೆ ಜನರ ಕಣ್ಣಿಗೆ ಹೊಂದುವ ಗಾಜು ಕೂರಿಸುವುದು ಅವಳ ಕೆಲಸ. ಬಿಡುವಾದಾಗ ಮೇಲೆ ಬಂದು ಬಡಾವಣೆಯ ಬ್ಲಾಗಿಗೆ ಸುದ್ದಿ ಬರೆದು, ಅದನ್ನು ನೋಡಿಕೊಳ್ಳುವುದು ಅವಳ ಖುಷಿ. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ, ಯಾರ ಬೆಕ್ಕು ಕಾಣೆಯಾಗಿದೆ, ಯಾರ ಗೇಟಿನ ಮುಂದೆ ಯಾರು ಗಾಡಿ ನಿಲ್ಲಿಸಿದರು... ಎಲ್ಲ ಸುದ್ದಿಯೂ ಅದರಲ್ಲೇ.

ಆದರೆ ಬ್ಲಾಗಿಗೆ ವಯಸ್ಸಾಗಿತ್ತು. ಅದರ ಸಾಫ್ಟ್‌ವೇರ್ ತೀರಾ ಹಳತು. ಈಚೆಗೆ ಯಾರೋ ಒಳನುಗ್ಗಿ, ಪುಟದ ತುಂಬ ಕೂದಲು ಬೆಳೆಸುವ ಎಣ್ಣೆಯ ಜಾಹೀರಾತು ಅಂಟಿಸಿ ಹೋಗಿದ್ದರು! ಹೊಸ ಸಾಫ್ಟ್‌ವೇರ್ ಹಾಕಿಸೋಣ ಎಂದು ಅರ್ಧ ಜನ, ಬೇಡವೇ ಬೇಡ ಎಂದು ಇನ್ನರ್ಧ. ಭಾನುವಾರದ ಸಭೆಯಲ್ಲಿ ತೀರ್ಮಾನವಾಗಬೇಕು. ಅಷ್ಟರೊಳಗೆ ಪರೀಕ್ಷಿಸಿ ಹೇಳಲು ಬಂದವನೇ ಈ ಟೆಕ್ನೀಷಿಯನ್. ಪಕ್ಕದ ಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದ ಹೊಸಬ.

"ಓದ್ತಾರೆ. ನಿಮಗೆ ಓದೋಕೆ ಬರುತ್ತಾ?" ಎಂದಳು ಅವಳು.

ಅವನು ನಕ್ಕುಬಿಟ್ಟ. "ಕೋಪ ಮಾಡ್ಕೋಬೇಡಿ. ನಿಜವಾಗ್ಲೂ ಗೊತ್ತಿಲ್ಲದೆ ಕೇಳಿದ್ದು."

ಮರುದಿನ ಬಂದವನು ಕಂಪ್ಯೂಟರ್ ಮುಟ್ಟುವ ಮೊದಲೇ ಕೇಳಿದ. "ಆ ಅಜ್ಜಿಯ ಗಿಳಿ ಕೊನೆಗೂ ಸಿಕ್ತಾ?"

"ಯಾವ ಅಜ್ಜಿ?"

"ಹಳೇ ಪುಟಗಳಲ್ಲಿ ಓದಿದೆ. ಗಿಳಿ ಹಾರಿಹೋಗಿದೆ, ಬಾಯಿ ಸ್ವಲ್ಪ ಕೆಟ್ಟದು, ಸಿಕ್ಕಿದವರು ಬೇಜಾರು ಮಾಡ್ಕೋಬೇಡಿ ಅಂತ ಬರೆದಿದ್ರಲ್ಲ. ಆಮೇಲೆ ಏನಾಯ್ತು ಅಂತ ಯಾರೂ ಬರೆದೇ ಇಲ್ಲ!"

ಅವಳಿಗೆ ನಗು ತಡೆಯಲಾಗಲಿಲ್ಲ. "ಸಿಕ್ತು. ಪೊಲೀಸ್ ಠಾಣೆ ಕಿಟಕಿ ಮೇಲೆ ಕೂತು ಇನ್‌ಸ್ಪೆಕ್ಟರನ್ನೇ ಬೈತಾ ಇತ್ತು."

ಅಂದಿನಿಂದ ದಿನವೂ ಒಂದೊಂದು ಪ್ರಶ್ನೆ. ಗೋಡೆಗಾಗಿ ಜಗಳವಾಡಿದ ಅಣ್ಣ ತಮ್ಮ ಈಗ ಮಾತಾಡುತ್ತಾರಾ? ಮದುವೆಯೇ ಬೇಡ ಎಂದಿದ್ದ ಬೇಕರಿ ಅಕ್ಕ ಕೊನೆಗೆ ಯಾರನ್ನು ಮದುವೆಯಾದರು?

'ಇವನಿಗೆ ಊರವರ ಮೇಲೆಲ್ಲ ಯಾಕಿಷ್ಟು ಕುತೂಹಲ?' ಎಂದುಕೊಳ್ಳುತ್ತಿದ್ದಳು. ಮರುಕ್ಷಣವೇ, 'ಇವನ ಮೇಲೆ ನನಗ್ಯಾಕಿಷ್ಟು?' ಎನಿಸಿ ಕೆನ್ನೆ ಬಿಸಿಯಾಗುತ್ತಿತ್ತು.

ಆದರೂ ಹೊಸ ಸಾಫ್ಟ್‌ವೇರ್ ಮಾತು ಬಂದರೆ ಸಾಕು, ಅವಳು ಬಿಗಿಯಾಗಿಬಿಡುತ್ತಿದ್ದಳು. ಕಾರಣ ಹೇಳುತ್ತಿರಲಿಲ್ಲ.

ಕಾರಣ, ಅವಳನ್ನು ಸಾಕಿ ಬೆಳೆಸಿದ ಸೋದರಮಾವ. ಸಿಟಿ ಬಸ್ ಓಡಿಸುತ್ತಿದ್ದ ಅವನನ್ನು ಈಗಲೂ ಎಲ್ಲರೂ ಕರೆಯುವುದು ಡ್ರೈವರ್ ಮಾವ ಎಂದೇ. ಬ್ಲಾಗು ಶುರುಮಾಡಿದವನೂ ಅವನೇ. ಸಕ್ಕರೆ ಕಾಯಿಲೆ ಅವನ ಕಣ್ಣು ತಿಂದುಹಾಕಿತ್ತು. ಈಗ ಫೋನು ಓದುತ್ತದೆ, ಮಾವ ಕೇಳುತ್ತಾನೆ. ಹಳೇ ಬ್ಲಾಗು ಸರಳ, ಫೋನು ಸಲೀಸಾಗಿ ಓದುತ್ತಿತ್ತು. ಬೇರೆ ಥಳುಕಿನ ಪುಟಗಳಲ್ಲಾದರೆ "ಬಟನ್, ಚಿತ್ರ, ಬಟನ್" ಎಂದು ತೊದಲಿ ದಾರಿ ತಪ್ಪುತ್ತಿತ್ತು.

'ಊರಿಗೆಲ್ಲ ಕನ್ನಡಕ ಕೊಡ್ತೀನಿ. ಮಾವನಿಗೆ ಮಾತ್ರ ಕೊಡೋಕೆ ಆಗಲಿಲ್ಲ. ಇದೊಂದಾದ್ರೂ ಉಳೀಲಿ...' ಸಭೆಯಲ್ಲಿ ಇದನ್ನು ಹೇಳಿದರೆ ಜನ ಮಾವನನ್ನು ಅಯ್ಯೋ ಪಾಪ ಎನ್ನುತ್ತಾರೆ. ಅದು ಅವಳಿಗೆ ಬೇಕಿರಲಿಲ್ಲ.

ಶನಿವಾರ ಅವಳು ಮೇಲೆ ಬಂದಾಗ ಅವನಿರಲಿಲ್ಲ. ಅವನ ಲ್ಯಾಪ್‌ಟಾಪ್ ಪರದೆಯ ಮೇಲೆ ಹೊಸ ಬ್ಲಾಗು ತೆರೆದಿತ್ತು. ಹುಡುಕಿದಳು. ಗಿಳಿಯೂ ಇಲ್ಲ, ಜಗಳವೂ ಇಲ್ಲ, ಮಾವ ಬರೆದ ಒಂದು ಸಾಲೂ ಇಲ್ಲ!

ನೀರಿನ ಬಾಟಲಿ ಹಿಡಿದು ಅವನು ಒಳಗೆ ಬಂದ.

"ಅಳಿಸಿಬಿಟ್ರಾ? ಸಭೆ ಆಗೋ ಮೊದಲೇ?"

"ಇಲ್ಲ, ಕೇಳಿ ಇಲ್ಲಿ... ಇದು ಬರೀ..."

"ಏನೂ ಹೇಳ್ಬೇಡಿ! ನಿಮಗೆ ನಮ್ಮ ಬದುಕು ಬರೀ ತಮಾಷೆ. ಹೊರಡಿ ಇಲ್ಲಿಂದ!"

ಅವನ ಮುಖ ಸಪ್ಪಗಾಯಿತು. ಲ್ಯಾಪ್‌ಟಾಪ್ ಮಡಚಿ ಮೆಟ್ಟಿಲಿಳಿದ.

ಸಂಜೆ ಮಾವನ ಪಕ್ಕ ಕೂತು ಎಲ್ಲ ಹೇಳುತ್ತಾ ಅವಳು ಅತ್ತುಬಿಟ್ಟಳು.

"ಅಯ್ಯೋ ಹುಚ್ಚೀ! ಅದು ಪರೀಕ್ಷೆಗೆ ಮಾಡಿಟ್ಟ ಬೇರೆ ಬ್ಲಾಗು ಕಣೇ. ನಮ್ಮದು ಇದ್ದ ಹಾಗೇ ಇದೆ, ಸಭೆ ಒಪ್ಪಿದ್ರೆ ಹಳೇದೆಲ್ಲ ಅದಕ್ಕೆ ಹೋಗುತ್ತೆ. ಈಗ ತಾನೇ ಫೋನಲ್ಲಿ ಕೇಳಿದೆ."

"ನಿನಗೆ ಹೇಗೆ ಗೊತ್ತು?"

"ಮೊದಲನೇ ಲೇಖನ ಬರೆದ ಡ್ರೈವರ್ ಯಾರು ಅಂತ ಹುಡುಕಿಕೊಂಡು ಬಂದಿದ್ದ. ಫೋನು ನನಗೆ ಓದಿ ಹೇಳೋದನ್ನ ನೋಡಿದ. ಆಮೇಲಿಂದ ನೀನು ಅಂಗಡಿಗೆ ಹೋದ ಮೇಲೆ ದಿನಾ ಬರ್ತಾನೆ. ನನ್ನ ಪಕ್ಕ ಕಣ್ಣು ಮುಚ್ಚಿ ಕೂತು, ಫೋನು ಎಲ್ಲಿ ತಡವರಿಸುತ್ತೆ ಅಂತ ಕೇಳ್ತಾನೆ. ಹೋಗಿ ಸರಿಮಾಡ್ತಾನೆ."

"ನನಗ್ಯಾಕೆ ಹೇಳಲಿಲ್ಲ?"

"ಪೂರ್ತಿ ಸರಿಹೋಗೋ ಮುಂಚೆ ನಿನಗೆ ಆಸೆ ಹುಟ್ಟಿಸೋದು ಬೇಡ ಅಂದ."

ಅವಳು ಹಣೆ ಚಚ್ಚಿಕೊಂಡಳು. 'ನಾನೆಂಥ ಮಾತಾಡಿಬಿಟ್ಟೆ...'

ಭಾನುವಾರ ಆ ಪುಟ್ಟ ಕೋಣೆಯಲ್ಲೇ ಸೇರಿದ ಸಭೆಗೆ ಅವನು ಬರಲೇ ಇಲ್ಲ.

ಮಾವನೇ ಎದ್ದು ನಿಂತು ಫೋನು ಒತ್ತಿದ. ಹೊಸ ಬ್ಲಾಗಿನಲ್ಲಿ ಪರೀಕ್ಷೆಗೆಂದು ಬರೆದಿಟ್ಟಿದ್ದನ್ನು ಫೋನು ಎಲ್ಲೂ ಎಡವದೆ ಓದಿತು. "ಇನ್ನೊಂದು ನೋಡಿ. ಇಷ್ಟು ದಿನ ಬರೀ ಕೇಳ್ತಿದ್ದೆ. ಇದರಲ್ಲಿ ನಾನು ಬಾಯಲ್ಲಿ ಹೇಳಿದ್ರೆ ಬರೆದುಕೊಳ್ಳುತ್ತೆ. ಇನ್ಮೇಲೆ ನಿಮಗೆಲ್ಲ ನಾನೇ ಉತ್ತರ ಕೊಡ್ತೀನಿ, ಹುಷಾರು!"

ಕೋಣೆಯೆಲ್ಲ ನಗು. ಹಿಂದೆಯೇ ಒಂದೊಂದಾಗಿ ಕೈಗಳು ಮೇಲೆದ್ದವು. ಎಲ್ಲರಿಗಿಂತ ಮೊದಲು ಎದ್ದದ್ದು ಅವಳದೇ.

"ಮಾಡಿದ ಹುಡುಗ ಎಲ್ಲಿ?" ಎಂದರು ಬೇಕರಿ ಅಕ್ಕ.

ಅವಳು ಆಗಲೇ ಮೆಟ್ಟಿಲಿಳಿದಾಗಿತ್ತು.

ಅವನು ಅಂಗಡಿಯಲ್ಲಿ ಪ್ರಿಂಟರೊಂದನ್ನು ಬಿಚ್ಚಿಕೊಂಡು ಕೂತಿದ್ದ.

"ಎಲ್ಲರೂ ಒಪ್ಪಿದ್ರು," ಎಂದಳು ಏದುಸಿರು ಬಿಡುತ್ತಾ. "ನಾನು... ನಿಮ್ಮ ಮಾತು ಕೇಳ್ಬೇಕಿತ್ತು. ತಪ್ಪಾಯ್ತು."

"ನಾನೂ ಮೊದಲೇ ಹೇಳ್ಬೇಕಿತ್ತು."

"ಮಾವನಿಗೋಸ್ಕರ ಇಷ್ಟೆಲ್ಲ ಯಾಕೆ ಮಾಡಿದ್ರಿ?"

ಅವನು ತಲೆ ತಗ್ಗಿಸಿದ. "ಮಾವ ಅಂದ್ರೆ ಇಷ್ಟ, ಅದು ಸರಿ. ಆದ್ರೆ... ಯಾರದೋ ಬೆಕ್ಕು ಕಳೆದುಹೋದ್ರೂ ನಿಮ್ಮದೇ ಅನ್ನೋ ಹಾಗೆ ಬರೀತೀರಿ. ಓದ್ತಾ ಓದ್ತಾ, ಇಂಥವರ ಮನಸ್ಸಲ್ಲಿ ನನಗೂ ಒಂಚೂರು ಜಾಗ ಸಿಕ್ಕೀತಾ ಅಂತ..."

"ಸಿಕ್ಕಿ ಎಷ್ಟೋ ದಿನ ಆಯ್ತು. ನಿಮಗೆ ತಿಳೀಲಿಲ್ಲ ಅಷ್ಟೆ."

ಅವನು ತಟ್ಟನೆ ತಲೆಯೆತ್ತಿದ. ಮುಖವೆಲ್ಲ ಬೆಳಕು!

"ಕೈ ಕೊಡಿ ಇಲ್ಲಿ," ಎಂದಳು ಮೆಲ್ಲಗೆ.

"ಬೇಡ... ಪ್ರಿಂಟರ್ ಮಸಿ. ನಿಮ್ಮ ಕೈಗೂ ಹತ್ತುತ್ತೆ."

"ಹತ್ತಲಿ ಬಿಡಿ."