ಹೆಗಲ ಮೇಲಿನ ಹಾವು

ಚೀಕಲಪರ್ವಿಯ ನಾಗಪ್ಪನ ಗುಡಿಗೆ ಬೆಳಿಗ್ಗೆ ಹಾಲೆರೆಯಲು ಹೋದ ದುರುಗಮ್ಮನಿಗೆ ಕಂಡದ್ದು ಬರೀ ಗುಂಡಿ. ಪೀಠ ಮುಚ್ಚುವಂತೆ ಗಾರೆಯಲ್ಲಿ ಹೂತಿದ್ದ ಕಂಚಿನ ಮೂರ್ತಿಯನ್ನು ಯಾರೋ ಬುಡಸಮೇತ ಕಿತ್ತೊಯ್ದಿದ್ದರು. ಬೀಗ ಮುರಿದಿರಲಿಲ್ಲ. ಕೀಲಿ ಇದ್ದದ್ದು ಅವಳ ಗಂಡ ಪಕೀರಪ್ಪನ ಬಳಿ. ಊರವರಿಗೆ ಇನ್ನೇನು ಬೇಕು? ಅವನ ಕೈ ಕಟ್ಟಿ ನಮ್ಮ ಮಾನ್ವಿ ಠಾಣೆಗೆ ತಂದು ಒಪ್ಪಿಸಿದರು.

ಇದು ಎಪ್ಪತ್ತೊಂಬತ್ತರ ಮಾತು. ನಾನು ಹೆಡ್ ಕಾನ್‌ಸ್ಟೇಬಲ್. ಬುರ್ಹಾನುದ್ದೀನ್ ಸಾಹೇಬರು ಸಬ್ ಇನ್‌ಸ್ಪೆಕ್ಟರ್. ಅವರಿಗೆ ಹಳೆಯ ಮೂರ್ತಿಗಳ ಹುಚ್ಚು. ಕಳ್ಳ ಕೈಯಲ್ಲೇ ಇರುವಾಗ ಇವರದೇನು ತನಿಖೆಯೋ ಎಂದು ನಾನು ಗೊಣಗಿಕೊಂಡೆ.

"ಮೂರ್ತಿ ಹೆಂಗಿತ್ತು?" ಎಂದು ಸಾಹೇಬರು ಪಕೀರಪ್ಪನನ್ನು ಕೇಳಿದರು.

"ಬತ್ತಲೆ ಕುಂತಿತ್ರಿ. ಕಣ್ಣು ಅರ್ಧ ಮುಚ್ಚಿತ್ತು. ಎರಡೂ ಹೆಗಲ ಮ್ಯಾಲ ಸಣ್ಣ ಹಾವು ಇಳಿದಿದ್ವು — ಅದಕ್ಕ ನಾಗಪ್ಪ ಅಂತೀವ್ರಿ."

"ಬುಡದಾಗ?"

"ಬುಡ ಯಾರು ನೋಡ್ಯಾರ್ರಿ? ಮುತ್ಯಾನ ಕಾಲದಿಂದ ಗಾರಿಯಾಗ ಹೂತದ."

ಊರಿಗೆ ಹೋದೆವು. ಸಾಹೇಬರು ಗುಂಡಿಗೆ ಕೈ ಇಳಿಬಿಟ್ಟು ಒಳಗೋಡೆಯನ್ನು ಬಹಳ ಹೊತ್ತು ಸವರಿದರು. ಅಲ್ಲಿಂದ ಅಕ್ಕಿ ಗಿರಣಿಯ ಮಾಲೀಕ ದೊಡ್ಡಪ್ಪನ ಮನೆ. ಗುಡಿಗೆ ಬಾಗಿಲು, ಬೀಗ ಮಾಡಿಸಿಕೊಟ್ಟವನು ಅವನೇ. ಚಹಾ ತರಿಸಿದ. ತಾನು ಆ ಗುಡಿಯತ್ತ ಹೋಗಿ ವರ್ಷವಾಯಿತೆಂದ. ಪಕೀರಪ್ಪನನ್ನು ಬೇಗ ರಾಯಚೂರು ಜೈಲಿಗೆ ಕಳಿಸಬೇಕೆಂದ.

"ಶಿವನಿಗೇ ಕೈ ಹಾಕಿದವ ಉದ್ಧಾರ ಆಗತಾನೇನ್ರಿ?"

ಸಾಹೇಬರು ಕಪ್ಪು ಕೆಳಗಿಟ್ಟರು. ಗಿರಣಿ ಹುಡುಕಲು ನನಗೆ ಹೇಳಿದರು. ಸಮವಸ್ತ್ರವೆಲ್ಲ ಧೂಳು, ಮೈಯೆಲ್ಲ ತುರಿಕೆ — ಹೊಟ್ಟಿನ ರಾಶಿಯೊಳಗೆ ಮೂರ್ತಿ ಸಿಕ್ಕಿತು. ಹಣೆಗೆ ವಿಭೂತಿ ಬಳಿದಿತ್ತು!

"ಬೀಗಕ್ಕ ಎರಡು ಕೀಲಿ ಬರತಾವ. ಒಂದು ನಿಮ್ಮಲ್ಲೇ ಉಳೀತು. ಅದಿರಲಿ — ಊರೆಲ್ಲ ನಾಗಪ್ಪ ಅಂತದ. ನೀವೊಬ್ಬರೇ ಶಿವ ಅಂದ್ರಿ. ಯಾಕ?"

ಕೇಳಿದ ಸಾಹೇಬರೇ ಬಿಡಿಸಿ ಹೇಳಿದರು. ಗುಂಡಿಯ ಗಾರೆಯಲ್ಲಿ ಡುಬ್ಬವಿದ್ದ ಎತ್ತಿನ ಅಚ್ಚು ಕೈಗೆ ಹತ್ತಿತ್ತು. ಎತ್ತು ಇದ್ದದ್ದು ಪೀಠದಲ್ಲಿ. ಅದನ್ನು ನೋಡಬಲ್ಲವನು ಮೂರ್ತಿ ಕಿತ್ತವನೊಬ್ಬನೇ. ಮಾರಲೆಂದು ಒಯ್ದ ದೊಡ್ಡಪ್ಪನಿಗೆ ಹೆಗಲ ಮೇಲೆ ಹಾವು, ಬುಡದಲ್ಲಿ ಬಸವಣ್ಣ ಕಂಡು ಇದು ಶಿವನೇ ಎನಿಸಿತು. ಶಿವನನ್ನು ಮಾರುವುದು ಹೇಗೆ? ಮರಳಿ ಇಡಲೂ ಧೈರ್ಯ ಸಾಲಲಿಲ್ಲ. ವಿಭೂತಿ ಹಚ್ಚಿ ಹೊಟ್ಟಿನಲ್ಲಿ ಮುಚ್ಚಿಟ್ಟ.

"ಇದು ಶಿವ ಅಲ್ಲ, ನಾಗಪ್ಪನೂ ಅಲ್ಲ. ಜೈನರ ಮೊದಲ ತೀರ್ಥಂಕರ ಆದಿನಾಥ. ಎತ್ತು ಅವನ ಲಾಂಛನ. ಇವು ಹಾವಲ್ಲ — ಹೆಗಲಿಗೆ ಇಳಿದ ಕೂದಲು. ಉಟ್ಟ ಅರಿವಿ ಸೈತ ಬಿಟ್ಟವನನ್ನ ಕದ್ದೀರಿ, ದೊಡ್ಡಪ್ಪ."

ಠಾಣೆಯ ಮೆಟ್ಟಿಲ ಮೇಲೆ ದುರುಗಮ್ಮ ಕೂತೇ ಇದ್ದಳು. ಸಾಹೇಬರು ಅವಳಿಗೂ ಎತ್ತು, ಕೂದಲು ಎಲ್ಲ ತಾಳ್ಮೆಯಿಂದ ತಿಳಿಸಿ, ಇನ್ನು ಗಂಡನನ್ನು ಕರೆದುಕೊಂಡು ಹೋಗು ಎಂದರು. ಅವಳು ಏಳಲಿಲ್ಲ.

"ಕಳ್ಳ ಅಂತ ಊರ ಮುಂದ ಕಟ್ಟಿ ತಂದಾರ್ರಿ. ಅಲ್ಲ ಅನ್ನೋದೂ ಊರ ಮುಂದನ ಹೇಳ್ರಿ."

ಸಾಹೇಬರು ಟೋಪಿ ಹಾಕಿಕೊಂಡು, ಚೀಕಲಪರ್ವಿಗೆ ಜೀಪು ತೆಗೆಯಲು ಹೇಳಿದರು. ಪಕೀರಪ್ಪನನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿ, ತಾವು ಹಿಂದೆ ನನ್ನ ಪಕ್ಕ ಬಂದು ಕೂತರು.