ಅವನ ದನಿಗೆ ನಿಂತ ಮನಸ್ಸು

"ಎರಡೂ ಕೈ ಚಾಚ್ರಿ, ಸಿಸ್ಟರ್."

ಜೆಮಿಮಾ ಎರಡೂ ಕೈ ಚಾಚಿದಳು. ಬಿಸಿ ರೋಟಿ ಅಂಗೈಗೆ ಬಿತ್ತು, ಅಲ್ಲಿ ನಿಲ್ಲದೆ ನೆಲಕ್ಕೆ ಜಾರಿತು.

ಬೀದರದ ಗುರುದ್ವಾರದ ಲಂಗರಿನಲ್ಲಿ, ಅಂದರೆ ಎಲ್ಲರಿಗೂ ಉಣಬಡಿಸುವ ಪಂಕ್ತಿಯಲ್ಲಿ, ರೋಟಿಯನ್ನು ತಟ್ಟೆಗೆ ಹಾಕುವುದಿಲ್ಲ. ನೆಲದ ಮೇಲೆ ಸಾಲಾಗಿ ಕೂತವರು ಬೊಗಸೆಯೊಡ್ಡಿ ಪ್ರಸಾದವೆಂದು ಕೈಯಲ್ಲೇ ಪಡೆಯಬೇಕು. ಸಣ್ಣ ಮಕ್ಕಳೂ ಸಲೀಸಾಗಿ ಮಾಡುವ ಕೆಲಸ. ಜೆಮಿಮಾಳಿಗೆ ಅದೂ ಆಗಲಿಲ್ಲ.

ಬಡಿಸುತ್ತಿದ್ದವನು ಇನ್ನೊಂದು ಕೊಟ್ಟ. ಅದೂ ಬಿತ್ತು!

"ಹುಷಾರಿಲ್ಲೇನ್ರಿ?" ಅವನು ಮೆಲ್ಲಗೇ ಕೇಳಿದ್ದ. ಆದರೆ ಬೆಳಗಿನಿಂದ ಒಳಗೇ ಒತ್ತಿ ಹಿಡಿದದ್ದೆಲ್ಲ ಆ ಒಂದು ಮಾತಿಗೆ ಹೊರಗೆ ಬಂತು.

"ನಾ ನರ್ಸ್ ರಿ! ನನ್ನ ಕೈ ನಡಗಬಾರ್ದು... ಆದ್ರೂ ನಡಗ್ತಾವ!"

ಇಡೀ ಸಾಲು ತಿರುಗಿ ನೋಡಿತು. ಅವನು ಮಾತ್ರ ನೀಲಿ ಪಗಡಿ ಸರಿಮಾಡಿಕೊಂಡು ಅವಳೆದುರು ಕುಕ್ಕರುಗಾಲಲ್ಲಿ ಕೂತ. ರೋಟಿಯ ಬುಟ್ಟಿಯನ್ನೇ ಅವಳ ಕೈಕೆಳಗೆ ಹಿಡಿದು ಮೂರನೆಯದನ್ನು ಇಟ್ಟ.

"ಈಗ ಬಿದ್ರೂ ಎಲ್ಲಿ ಬೀಳ್ತದ? ಬುಟ್ಟಿಗೇ ಬೀಳ್ತದ. ತಗೊಳ್ರಿ."

ಈ ಸಲ ಬೀಳಲಿಲ್ಲ. ಜೆಮಿಮಾ ರೋಟಿ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವ್ವ ತೀರಿಕೊಂಡಾಗಲೂ ಹೀಗೆ ಅತ್ತಿರಲಿಲ್ಲ ಪಾಪ.

ಅವ್ವ ದೇಬೋರಾ ಹೋಗಿ ನಾಲ್ಕು ತಿಂಗಳಾಗಿತ್ತು. ಜೆಮಿಮಾ ಕೆಲಸ ಮಾಡುವ ನರ್ಸಿಂಗ್ ಹೋಮಿನಲ್ಲೇ, ಮೇಲಿನ ಮಹಡಿಯಲ್ಲಿ. "ಹತ್ತು ನಿಮಿಷಕ್ಕ ಬರ್ತೇನಿ ಅವ್ವ" ಎಂದು ಹೇಳಿ ಕೆಳಗಿನ ವಾರ್ಡಿಗೆ ಇಳಿದವಳಿಗೆ ಒಂದಲ್ಲ ಒಂದು ಕೆಲಸ ಹತ್ತಿಕೊಂಡಿತು. ಮೇಲೆ ಹೋಗುವ ಹೊತ್ತಿಗೆ ನಲವತ್ತು ನಿಮಿಷವಾಗಿತ್ತು. ಅವ್ವನ ಮುಖ ಬಾಗಿಲ ಕಡೆಗೇ ಇತ್ತು.

ಅಂದಿನಿಂದ ಅವಳ ಮನಸ್ಸು ಆ ಬಾಗಿಲು ಬಿಟ್ಟು ಬರಲೊಲ್ಲದು. ಇವತ್ತು ಬೆಳಿಗ್ಗೆ ಆರನೇ ಬೆಡ್ಡಿನ ಇಂಜೆಕ್ಷನ್ ಹಿಡಿದು ಒಂಬತ್ತನೇ ಬೆಡ್ಡಿಗೆ ಹೋಗಿಬಿಟ್ಟಿದ್ದಳು! ಮೇಟ್ರನ್ ಕಸ್ತೂರಿಬಾಯಿ ನೋಡಿ ಕೈ ಹಿಡಿದದ್ದಕ್ಕೆ ಒಬ್ಬ ಮುದುಕನ ಜೀವ ಉಳಿಯಿತು.

"ಇನ್ನೊಮ್ಮೆ ಹಿಂಗಾದ್ರ ನಿನ್ನ ಇಟ್ಕೊಳ್ಳಾಕ ಆಗಂಗಿಲ್ಲ ತಂಗಿ. ನನ್ನ ಮಗಳಾಗಿದ್ರೂ ಇದೇ ಹೇಳ್ತಿದ್ದೆ" ಎಂದಿದ್ದರು ಕಸ್ತೂರಿಬಾಯಿ. ಅಲ್ಲಿಂದ ಯೂನಿಫಾರ್ಮಿನಲ್ಲೇ ಹೊರಬಿದ್ದವಳು ಈ ಲಂಗರಿಗೆ ಬಂದು ಕೂತಿದ್ದಳು.

ಇಷ್ಟನ್ನೂ ಜೆಮಿಮಾ ಒಬ್ಬ ಅಪರಿಚಿತನ ಮುಂದೆ ಹೇಳಿಬಿಟ್ಟಳು. ಅವನು ಬುಟ್ಟಿ ಬದಿಗಿಟ್ಟು ಕೇಳಿದ. ಸಮಾಧಾನ ಹೇಳಲಿಲ್ಲ. ಆಮೇಲೆ ಇಷ್ಟೇ ಅಂದ: "ಸಂಜಿ ಆರಕ್ಕ ಬರ್ರಿ. ಸಿಮರನ್ ಇರ್ತದ, ನಾಮಸ್ಮರಣಿ."

"ನಾವು ಭಾಲ್ಕಿ ಕಡೆ ಮೆಥೋಡಿಸ್ಟ್ ಮಂದಿ ರಿ."

"ನಾ ಕೇಳಿದ್ನೇನು? ಮನಸ್ಸು ಓಡ್ಲಿಕತ್ತದ ಅಂದ್ರಿ, ಹಿಡಿಯೂದು ಹೇಳ್ಕೊಡ್ತೇನಿ ಅಂದೆ."

ಅವನ ಹೆಸರು ಕುಲವಂತ ಸಿಂಗ. ಬೀದರದಲ್ಲೇ ಹುಟ್ಟಿ ಬೆಳೆದವನು. ಹಗಲೆಲ್ಲ ಸುಟ್ಟ ಪಂಪಿನ ಮೋಟರುಗಳಿಗೆ ಹೊಸ ತಂತಿ ಸುತ್ತುವ ಕೆಲಸ. ಸಂಜೆ ಗುರುದ್ವಾರದಲ್ಲಿ ಸಿಮರನ್ ಹೇಳಿಸುವ ಸೇವೆ. ಅವನು ಮೊದಲು ನಾಮ ಹೇಳುತ್ತಾನೆ, ಕೂತ ಭಕ್ತರ ಸಂಗತ್ತೆಲ್ಲ ಅವನ ಹಿಂದೆ ಹೇಳುತ್ತದೆ.

"ವಾಹೆ ಅಂತ ಉಸುರು ಒಳಗ, ಗುರು ಅಂತ ಉಸುರು ಹೊರಗ. ಅಷ್ಟಽ. ಬಾಯಿಲೆ ಅಂದದ್ದು ನಿಮ್ಮ ಕಿವಿಗಿ ನೀವೇ ಕೇಳ್ಸಬೇಕು. ನಿಮ್ಮ ದನಿ ನೀವಽ ಕೇಳ್ರಿ, ಮಂದೀದಲ್ಲ."

"ಮನಸ್ಸು ಓಡಿ ಹೋದ್ರ?"

"ಓಡ್ತದ. ಬೈಬ್ಯಾಡ್ರಿ. ಹೋಗಿ ಕರಕೊಂಡು ಬರ್ರಿ. ನಾ ತಂತಿ ಸುತ್ತುವಾಗ ಹಂಗಽ. ಒಂದು ಸುತ್ತು ತಪ್ತು ಅಂದ್ರ ಬಿಚ್ಚಿ ಮತ್ತ ಒಂದರಿಂದ ಸುತ್ತಬೇಕು. ಸಿಟ್ಟಿಗೆದ್ರ ತಂತಿ ಹರೀತದ."

ಮೊದಲ ದಿನ ಕಣ್ಣು ಮುಚ್ಚಿದರೆ ಬರೀ ಆ ಬಾಗಿಲು. ಎರಡನೇ ದಿನವೂ ಅದೇ. ಹದಿನೈದು ದಿನ ಕಳೆದ ಮೇಲೆ ಒಂದು ಸಂಜೆ, ಕಣ್ಣು ತೆರೆದಾಗ ಅರ್ಧ ಗಂಟೆ ಆಗಿತ್ತು. ಆ ಅರ್ಧ ಗಂಟೆ ಅವಳ ಮನಸ್ಸಿನಲ್ಲಿ ಅವ್ವ ಸತ್ತಿರಲಿಲ್ಲ!

ಮೂರು ತಿಂಗಳಲ್ಲಿ ಅವಳ ಕೈ ನಿಂತಿತು. ಕಸ್ತೂರಿಬಾಯಿ ಅವಳನ್ನು ಮತ್ತೆ ಇಂಜೆಕ್ಷನ್ನಿಗೆ ಹಾಕಿದರು. ಸಿಮರನ್ ಮುಗಿದ ಮೇಲೆ ಚಪ್ಪಲಿ ಇಡುವ ಕಡೆ ನಿಂತು ಕುಲವಂತನೊಡನೆ ಆಡುವ ಎರಡು ಮಾತು ಇಪ್ಪತ್ತಾದವು, ಇಪ್ಪತ್ತು ನೂರಾದವು. ಹುಡುಗಿಗೆ ಅದೇನೆಂದು ಗೊತ್ತಾಗಲಿಲ್ಲವೆಂದರೆ ಯಾರು ನಂಬುತ್ತಾರೆ? ಗೊತ್ತಿತ್ತು. ಬಹಳ ಚೆನ್ನಾಗಿ ಗೊತ್ತಿತ್ತು.

ಅವನ ದನಿಯಲ್ಲೊಂದು ಒಡಕಿತ್ತು. 'ಗುರು' ಎನ್ನುವಲ್ಲಿ ಸ್ವಲ್ಪ ಗೊರಗೊರ ಅನ್ನುತ್ತಿತ್ತು. ದಿನ ಕಳೆದಂತೆ ಅದು ಹೆಚ್ಚುತ್ತಿತ್ತು. ಜೆಮಿಮಾಳಿಗೆ ಅದೇ ಇಷ್ಟ. ಹೆಂಗಸರ ಕಡೆ ಮೂಲೆಯಲ್ಲಿ ಕೂತು, ಕಣ್ಣು ಮುಚ್ಚಿ, ಆ ಒಡಕು ಬರುವುದನ್ನೇ ಕಾಯುತ್ತಿದ್ದಳು.

ಒಂದು ಗುರುವಾರ ಅವನು ತಡವಾಗಿ ಬಂದ. ಸಿಮರನ್ ಅರ್ಧಕ್ಕೇ ನಿಲ್ಲಿಸಿ ನೀರು ಕುಡಿದ. ಹೊರಗೆ ಬಂದಾಗ ಮುಖ ಬಾಡಿತ್ತು. ಅವನನ್ನು ನಗಿಸಬೇಕೆಂದು ಜೆಮಿಮಾ, ಎಷ್ಟೋ ದಿನದಿಂದ ಬಾಯಲ್ಲಿ ಇಟ್ಟುಕೊಂಡದ್ದನ್ನು ಹೇಳಿಬಿಟ್ಟಳು.

"ಒಂದು ಖರೇ ಹೇಳ್ಲೇನು? ನನ್ನ ಮನಸ್ಸು ನಿಲ್ಲೂದು ನಾಮಕ್ಕಲ್ರಿ... ನಿಮ್ಮ ದನಿಗಿ. ಆ ದನಿ ಇದ್ರ ಸಾಕು, ನನಗ ಮತ್ತೇನೂ ಬ್ಯಾಡ."

ಕುಲವಂತ ಅವಳನ್ನು ದಿಟ್ಟಿಸಿ ನೋಡಿದ. ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟ.

ಮರುದಿನ ಅವನ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು.

ಮರುದಿನವೂ. ಅದರ ಮರುದಿನವೂ... ಫೋನು ಎತ್ತಲಿಲ್ಲ. ಐದನೇ ದಿನ ಒಂದು ಮೆಸೇಜು ಬಂತು: 'ಇನ್ನ ಮ್ಯಾಲ ನಾ ಬರಂಗಿಲ್ಲ. ನೀವು ಸಿಮರನ್ ಬಿಡಬ್ಯಾಡ್ರಿ.'

ಜೆಮಿಮಾ ನಾಚಿಕೆಯಿಂದ ಕುಗ್ಗಿ ಹೋದಳು. ತಪ್ಪು ತನ್ನದೇ! ಅವನು ಗುರುವಿನ ನಾಮ ಕಲಿಸಿದ, ನಾನು ಅದನ್ನು ಬಿಟ್ಟು ಅವನಿಗೇ ಜೋತುಬಿದ್ದೆ. ಅದನ್ನು ನಾಚಿಕೆಯಿಲ್ಲದೆ ಅವನ ಮುಂದೆಯೇ ಆಡಿದೆ. ನಾಮಕ್ಕೆ ಅವಮಾನ ಮಾಡಿದವಳ ಮುಖ ಅವನು ಯಾಕೆ ನೋಡಬೇಕು?

ಆದರೂ ದಿನಾ ಹೋಗಿ ಕೂತಳು. ಹೊಸಬರ ದನಿ ಸ್ವಚ್ಛವಾಗಿತ್ತು, ಇಂಪಾಗಿತ್ತು. ಅವಳ ಮನಸ್ಸು ಒಂದು ಉಸಿರಿಗೂ ನಿಲ್ಲಲಿಲ್ಲ. ಕಣ್ಣು ಮುಚ್ಚಿದರೆ ಮತ್ತೆ ಅದೇ ಬಾಗಿಲು, ಅದೇ ಮುಖ.

ಎರಡನೇ ತಿಂಗಳಿಗೆ ಕೈ ಮತ್ತೆ ನಡುಗತೊಡಗಿತು. ಒಂದು ಸೋಮವಾರ ಇಂಜೆಕ್ಷನ್ನಿನ ಸೀಸೆ ಕೈಯಿಂದ ಬಿದ್ದು ಒಡೆಯಿತು. ಕಸ್ತೂರಿಬಾಯಿ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಎಂಟು ದಿನ ರಜಾ ಹಾಕು. ಕೈ ನಿಂತ್ರ ಬಾ. ಇಲ್ಲಾಂದ್ರ... ರಾಜೀನಾಮಿ ಬರದು ಕಳ್ಸು ತಂಗಿ."

ಭಾಲ್ಕಿಗೆ, ಅಪ್ಪನ ಹತ್ತಿರ ಹೋಗಬೇಕೆಂದು ಹೊರಟವಳ ಕಾಲು ಕುಲವಂತನ ಅಂಗಡಿಯ ದಾರಿ ಹಿಡಿಯಿತು. ಒಂದು ಮಾತು ಕ್ಷಮೆ ಕೇಳಿ ಹೋದರಾಯಿತು... ಅಷ್ಟೇ.

ಅಂಗಡಿಯ ಶಟರು ಇಳಿದಿತ್ತು. ಪಕ್ಕದ ಚಹಾದಂಗಡಿಯ ಉಸ್ಮಾನ ಮಿಯಾ ಕಪ್ಪು ತೊಳೆಯುತ್ತಲೇ ಹೇಳಿದರು.

"ಕುಲವಂತ? ಅಂವ ಔರಾದದಾಗ ಅಕ್ಕನ ಮನ್ಯಾಗ ಅದಾನ ಬೇಟಿ. ಗಂಟಲದಾಗ ಗಂಟು ಆಗಿತ್ತು, ಹೈದರಾಬಾದದಾಗ ಆಪರೇಷನ್ ಆತು. ಜಾನ್ ಉಳೀತು. ಆವಾಜ್ ಹೋಯ್ತು."

"ಯಾವಾಗ ಗೊತ್ತಾಗಿದ್ದು ರಿ?" ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಎರಡು ತಿಂಗಳ ಹಿಂದ. ಜುಮೇರಾತ್ ಇತ್ತು. ರಿಪೋರ್ಟ್ ಹಿಡ್ಕೊಂಡು ಇಲ್ಲೇ ಕುಂತಿದ್ದ, ಚಾ ಮುಟ್ಟಲಿಲ್ಲ. ಸಂಜಿಗಿ ಎದ್ದು ಗುರುದ್ವಾರಕ್ಕ ಹೋದ."

ಗುರುವಾರ!

ಜೆಮಿಮಾ ಬೆಂಚಿನ ಮೇಲೆ ಕುಸಿದಳು. 'ಆ ದನಿ ಇದ್ರ ಸಾಕು, ಮತ್ತೇನೂ ಬ್ಯಾಡ...' ಅಂದೇ ಹೇಳಿದ್ದಳು. ದನಿ ಹೋಗುತ್ತದೆಂದು ಡಾಕ್ಟರು ಬರೆದುಕೊಟ್ಟ ದಿನವೇ! ಮತ್ತೆ ಆ ಒಡಕು... ತಾನು ಕಣ್ಣು ಮುಚ್ಚಿ ಸವಿದ ಆ ಗೊರಗೊರ, ಅದು ರೋಗ. ಮೂರು ತಿಂಗಳು ಕೇಳಿದಳು. ನರ್ಸಾಗಿದ್ದೂ ಕೇಳಿದಳು. ಒಮ್ಮೆಯಾದರೂ 'ಗಂಟಲು ತೋರಿಸ್ರಿ' ಅನ್ನಲಿಲ್ಲ.

ಔರಾದ ಬಸ್ಸಿನಲ್ಲಿ ಕಿಟಕಿಯ ಹೊರಗೆ ತೊಗರಿ ಹೊಲಗಳು ಹಿಂದೆ ಸರಿಯುತ್ತಿದ್ದವು. ಅವಳು ಒಂದನ್ನೂ ನೋಡಲಿಲ್ಲ.

ಅಕ್ಕನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಔರಾದದಲ್ಲಿ ಸರ್ದಾರ್ಜಿ ಮನೆ ಯಾವುದೆಂದರೆ ಯಾರಾದರೂ ತೋರಿಸುತ್ತಾರೆ. ಅಂಗಳದಲ್ಲಿ ಬಿಚ್ಚಿದ ಪಂಪಿನ ಮೋಟರು ಮುಂದಿಟ್ಟುಕೊಂಡು ಕುಲವಂತ ತಾಮ್ರದ ತಂತಿ ಸುತ್ತುತ್ತಿದ್ದ. ಕೊರಳಲ್ಲಿ ಮಫ್ಲರು. ಅವಳನ್ನು ಕಂಡದ್ದೇ ಕೈ ನಿಂತಿತು.

"ಎಷ್ಟನೇ ಸುತ್ತಿತ್ತು?" ಜೆಮಿಮಾ ಕೇಳಿದಳು.

ಅವನು ತಲೆ ಅಲ್ಲಾಡಿಸಿದ. ತಪ್ಪಿಹೋಯಿತು ಎಂದು.

"ಯಾಕ ಹೇಳ್ಲಿಲ್ಲ ನನಗ?"

ಅವನು ಬಾಯಿ ತೆರೆದ. ಬಂದದ್ದು ದನಿಯಲ್ಲ, ಒಣ ಎಲೆ ಉಜ್ಜಿದಂಥ ಬರೀ ಗಾಳಿ. ಹತ್ತಿರ ಕೂತರೆ ಮಾತ್ರ ಮಾತು ಕೇಳುತ್ತಿತ್ತು. ಅವಳು ಹತ್ತಿರ ಕೂತಳು.

"ನಿಮಗ ಬೇಕಾಗಿದ್ದು ಆ ದನಿ ಒಂದೇ. ಅದೇ ಹೊಂಟು ನಿಂತಿತ್ತು... ಇನ್ನೇನು ಹೇಳ್ಲಿ?"

"ನಾ ಸುಳ್ಳ ಹೇಳಿದ್ದೆ ರಿ!" ಜೆಮಿಮಾ ಸಿಟ್ಟಿನಿಂದ ಕೂಗಿದಳು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ನೀವು ಬೇಕು ಅಂತ ಹೇಳಾಕ ಧೈರ್ಯ ಸಾಲಲಿಲ್ಲ. ಅದಕ್ಕ ದನಿ ಅಂದೆ. ಅಷ್ಟೂ ತಿಳಿಯಂಗಿಲ್ಲೇನು ನಿಮಗ?"

ಕುಲವಂತ ತಂತಿಯ ಉಂಡೆ ಕೆಳಗಿಟ್ಟ.

"ನನಗೂ ಮನಸ್ಸು ಹಿಡಿಯಾಕ ಆಗವಲ್ದು, ಜೆಮಿಮಾ" ಎಂದ. ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಸಿಮರನ್ನಿಗಿ ಕೂಡ್ತೇನಿ. ನನ್ನ ದನಿ ನನಗ ಕೇಳ್ಸಂಗಿಲ್ಲ. ಮನಸ್ಸು ಓಡ್ತದ... ಪ್ರತಿ ಸಲ ಎಲ್ಲಿಂದ ಕರಕೊಂಡು ಬರ್ತೇನಿ ಗೊತ್ತೇನು? ಚಪ್ಪಲಿ ಇಡೂ ಕಡಿಯಿಂದ."

ಜೆಮಿಮಾಳಿಗೆ ಅಳುವಿನ ನಡುವೆ ನಗು ಬಂತು, ನಗುವಿನ ನಡುವೆ ಮತ್ತೆ ಅಳು.

"ನೀವು ಅನ್ರಿ" ಎಂದ ಅವನು. "ನಾ ಕೇಳ್ತೇನಿ."

"ನನಗ ಬರಂಗಿಲ್ಲ ರಿ. ನಾ ಯಾವತ್ತೂ ನನ್ನ ದನಿ ಕೇಳೇ ಇಲ್ಲ. ನಿಮ್ಮದೇ ಕೇಳ್ತಿದ್ದೆ."

"ಗೊತ್ತು. ಇವತ್ತು ನಂದಿಲ್ಲಲ್ಲ."

ಅವಳು ಕಣ್ಣು ಮುಚ್ಚಿದಳು. ವಾಹೆ... ಗುರು. ದನಿ ನಡುಗಿತು. ಅದು ತನ್ನದೇ, ಬರಿದಾದ, ಒಂಟಿ ದನಿ. ಹಿಂದೆ ಅಡಗಿಕೊಳ್ಳಲು ಇನ್ನೊಂದು ದನಿ ಇರಲಿಲ್ಲ. ಮೂರನೇ ಉಸಿರಿಗೇ ಮನಸ್ಸು ಮೆಟ್ಟಿಲು ಹತ್ತಿ ಆ ಬಾಗಿಲಿಗೆ ಓಡಿತು. ಇಷ್ಟು ದಿನ ಅಲ್ಲಿಗೆ ಹೋದರೆ ಹೆದರಿ ಕಣ್ಣು ತೆರೆಯುತ್ತಿದ್ದಳು. ಇವತ್ತು ತೆರೆಯಲಿಲ್ಲ. ಒಳಗೆ ಹೋದಳು. ಅವ್ವನ ಹಾಸಿಗೆಯ ಹತ್ತಿರ ನಿಂತಳು.

'ತಡ ಆತವ್ವ... ತಪ್ಪಾತು.'

ಅವ್ವನ ಮುಖ ಬಾಗಿಲ ಕಡೆಗೆ ತಿರುಗಿತ್ತು. ಮಗಳು ಬರುತ್ತಾಳೆಂದು ನಂಬಿದ್ದಕ್ಕೇ ತಿರುಗಿತ್ತು. ಅದರಲ್ಲಿ ಬೈಗುಳ ಇರಲಿಲ್ಲ. ಇಷ್ಟು ದಿನ ಕಂಡ ಬೈಗುಳವೆಲ್ಲ ಮಗಳೇ ಹಾಕಿಕೊಂಡದ್ದು. ಜೆಮಿಮಾ ಮನಸ್ಸನ್ನು ಬೈಯದೆ, ಎಳೆಯದೆ, ಕೈ ಹಿಡಿದು ಮೆಟ್ಟಿಲು ಇಳಿಸಿ ಕರೆದುಕೊಂಡು ಬಂದಳು. ವಾಹೆ... ಗುರು. ಮತ್ತೆ ಓಡಿತು, ಮತ್ತೆ ಕರೆತಂದಳು. ಎಷ್ಟು ಸಲವೋ.

ಕಣ್ಣು ತೆರೆದಾಗ ಅಂಗಳದ ಬಿಸಿಲು ಗೋಡೆ ಹತ್ತಿತ್ತು. ಕುಲವಂತನ ಕೆನ್ನೆ, ಗಡ್ಡ ಎಲ್ಲ ತೊಯ್ದಿತ್ತು. ಅವಳ ಕೈ ತೊಡೆಯ ಮೇಲೆ ಸುಮ್ಮನೆ ಕೂತಿತ್ತು. ನಾಳೆಯೂ ಹೀಗೇ ಇರುತ್ತದೆಂದು ಯಾರು ಹೇಳಬೇಕು? ಅವನ ದನಿ ತಿರುಗಿ ಬರುವುದಿಲ್ಲವೆಂದು ಮಾತ್ರ ಡಾಕ್ಟರು ಖಚಿತವಾಗಿ ಹೇಳಿದ್ದರು. ಕೂಗಿ ಕರೆಯುವ ಗಂಡ ಸಿಗುವುದಿಲ್ಲ ಅವಳಿಗೆ. ಅದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೇ ಅವನ ಕೈ ಹಿಡಿದಳು.

"ಡ್ಯೂಟಿ?" ಅವನು ಗಾಳಿಯಲ್ಲೇ ಕೇಳಿದ.

"ಎಂಟು ದಿನ ಟೈಮ್ ಕೊಟ್ಟಾರ. ಹೋಗ್ತೇನಿ ರಿ. ಕೈ ನಿಲ್ತಾವೋ ಬಿಡ್ತಾವೋ, ಹೋಗಿ ನಿಂದರ್ತೇನಿ. ಅದಕ್ಕೂ ಮೊದಲ ಭಾಲ್ಕಿಗಿ ಹೋಗಿ ಅಪ್ಪಗ ಹೇಳ್ಬೇಕು."

"ಏನಂತ?"

"ಸರ್ದಾರ್ಜೀನ ಮದಿವಿ ಆಗ್ತೇನಿ ಅಂತ. ಸಿಟ್ಟಿಗೇಳ್ತಾರ."

ಕುಲವಂತ ಹೆದರಿದ. ಮಫ್ಲರು ಸರಿಸಿಕೊಂಡು, ಗಂಟಲು ಒತ್ತಿ ಹಿಡಿದು, ಇದ್ದಬದ್ದ ಉಸಿರೆಲ್ಲ ಕೂಡಿಸಿ ಅಂದ:

"ನಾ... ಬಂದು ಹೇಳ್ತೇನಿ."

"ಅಪ್ಪಗ ಕಿವಿ ಮಂದ ರಿ. ಗದ್ದರಿಸಿ ಹೇಳಿದ್ರೂ ಅರ್ಧ ಕೇಳಂಗಿಲ್ಲ." ಜೆಮಿಮಾ ಅವನ ಕೆನ್ನೆ ಒರೆಸಿದಳು. "ನೀವು ಬಾಜೂಕ ಕೂಡ್ರಿ, ಸಾಕು. ಹೇಳೂದು ನಾ ಹೇಳ್ತೇನಿ."